ಒಂದು ಪುಟದ ಕಡಲು

ಮಳೆಗಾಲ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದ ದಿನಗಳಲ್ಲಿ ದಿವಾಕರನಿಗೆ ಕುಳಿತಲ್ಲೇ ಸುಮ್ಮನೆ ನಗುವ ಅಭ್ಯಾಸ ಶುರುವಾಯಿತು. ಮನೆಯಲ್ಲಿ ಯಾರೂ ಮಾತಾಡದಿರುವಾಗ, ಹೊರಗೆ ಕಾಗೆ ಕೂಡ ಕೂಗದಿರುವಾಗ, ತಲೆಯನ್ನು ತುಸು ಎಡಕ್ಕೆ ವಾಲಿಸಿ, ಕಣ್ಣು ಅರೆಮುಚ್ಚಿ, ಹಳೆಯ ಸ್ನೇಹಿತನೊಬ್ಬ ಹೇಳುತ್ತಿರುವ ಕಥೆಗೆ ತಲೆದೂಗುವವನಂತೆ ನಗುತ್ತಿದ್ದ. ಅವನ ಹೆಂಡತಿ ವಾರಿಜಾ ಇದನ್ನು ಮೊದಲು ಕಂಡದ್ದು ಒಂದು ಬೆಳಿಗ್ಗೆ, ಕಾವಲಿಗೆ ನೀರುದೋಸೆ ಹೊಯ್ಯುತ್ತಿದ್ದಾಗ.

"ಎಂತ ನಗಾಡ್ತಾ ಇದ್ದೀರಿ?"

ಅವನು ಕಣ್ಣು ತೆರೆದ. ಕೈಯಾಡಿಸಿ ಏನಿಲ್ಲವೆಂದ.

ಹೊಸ ಕಿವಿ ಬಂದು ತಿಂಗಳುಗಳಾಗಿದ್ದರೂ ಅವನ ಮಾತು ಕೈಯಿಂದ ಬಾಯಿಗೆ ತಿರುಗಿ ಬಂದಿರಲಿಲ್ಲ.

ದಿವಾಕರ ಕಾಂಚನ್ ಪಡುಕೋಡಿ ಬಂದರಿನ ದೊಡ್ಡ ಬೋಟುಗಳಲ್ಲಿ ಇಂಜಿನ್ ಡ್ರೈವರ್ ಆಗಿದ್ದವನು. ಮದುವೆಯಾದ ಹೊಸತರಲ್ಲಿ ಮಾತಿನ ಮಲ್ಲ. ಬೋಟು ಇಳಿದು ಮನೆಗೆ ಬಂದರೆ ಕೈಕಾಲು ತೊಳೆಯುವ ಮೊದಲೇ ಕಥೆ ಶುರು. ಬಲೆಗೆ ಬಿದ್ದ ವಿಚಿತ್ರ ಮೀನು, ಗೋವೆಯ ಕಡೆ ಕಂಡ ಹಡಗು, ಅಡುಗೆಯವನು ಸಾರಿಗೆ ಉಪ್ಪು ಹಾಕಲು ಮರೆತದ್ದು, ಎಲ್ಲವೂ ಬೇಕು. ಇಂಜಿನಿಯರಿಂಗ್ ಓದಿ ಬಂದರಿನ ಗುಡ್ಡೆಯ ಮೇಲಿನ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ್ದ ವಾರಿಜಾ ಅವನನ್ನು ಮೆಚ್ಚಿದ್ದೇ ಆ ಮಾತಿಗಾಗಿ. ಆದರೆ ಅರ್ಧ ಆಯುಷ್ಯ ಇಂಜಿನ್ ಕೋಣೆಯ ಗುಡುಗಿನಲ್ಲಿ ಕಳೆದವನ ಕಿವಿ ಸ್ವಲ್ಪ ಸ್ವಲ್ಪವಾಗಿ ಸವೆಯಿತು. ಮೊದಲು ಹಕ್ಕಿಗಳು ಹೋದವು, ಆಮೇಲೆ ಹೆಂಗಸರ ದನಿ, ಕೊನೆಗೆ ಆ ಇಂಜಿನ್ ಕೂಡ. ತನ್ನ ದನಿ ತನಗೇ ಕೇಳದಿದ್ದರೆ ಮಾತನ್ನು ಎಷ್ಟು ಏರಿಸಬೇಕು, ಎಲ್ಲಿ ಇಳಿಸಬೇಕು ಎಂದು ತಿಳಿಯುವುದಿಲ್ಲ. ಅವನು ಮೆಲ್ಲಗೆ ಮಾತನ್ನೇ ಬಿಟ್ಟ. ಗಂಡ ಹೆಂಡತಿ ಕೈಸನ್ನೆಯಲ್ಲಿ, ಹುಬ್ಬಿನಲ್ಲಿ, ಊಟದ ತಟ್ಟೆ ಸರಿಸುವ ರೀತಿಯಲ್ಲಿ ಸಂಸಾರ ನಡೆಸುವುದನ್ನು ಕಲಿತರು. ಜಗಳವೂ ಸದ್ದಿಲ್ಲದೆ ನಡೆಯುತ್ತಿತ್ತು.

ಹಾಗಾಗಿ ದೀಪಸ್ತಂಭದ ಗುಡ್ಡೆಯ ಕೇಂದ್ರದವರು ಯಂತ್ರದ ಕಿವಿ ತಯಾರಿಸಿದಾಗ ವಾರಿಜಾ ಮೊದಲು ಬರೆಸಿದ್ದು ಗಂಡನ ಹೆಸರನ್ನು. ಕಿವಿಯ ಹಿಂದೆ, ಚರ್ಮದಡಿ, ಹುಣಸೆಬೀಜದಷ್ಟು ದೊಡ್ಡ ವಸ್ತು. ಅದು ಸದ್ದನ್ನು ಹಿಡಿಯುತ್ತದೆ, ನರಕ್ಕೆ ಮುಟ್ಟಿಸುತ್ತದೆ. ನಡುವಿನ ಕಷ್ಟದ ಕೆಲಸವನ್ನೆಲ್ಲ, ಅಂದರೆ ಗದ್ದಲದಿಂದ ಮಾತನ್ನು ಬಿಡಿಸಿ ತೆಗೆಯುವುದನ್ನು, ಗುಡ್ಡೆಯ ಮೇಲಿನ ದೊಡ್ಡ ಕಂಪ್ಯೂಟರ್ ಮಾಡುತ್ತದೆ. ಊರವರು ಅದಕ್ಕೆ ಗುಡ್ಡೆಯಂತ್ರ ಎನ್ನುತ್ತಿದ್ದರು. ಬಂದರಿನ ದೀಪಗಳು, ಅಳಿವೆಯ ನೀರಿನ ಮಟ್ಟ ನೋಡುವ ಕೋಲುಗಳು, ಕಡಲಲ್ಲಿ ತೇಲುವ ಉಪಕರಣಗಳು, ಊರಿನ ಕಿವುಡರ ಕಿವಿಗಳು, ಎಲ್ಲ ಅದಕ್ಕೇ ಹೊಂದಿಕೊಂಡಿದ್ದವು.

ಅದರ ಒಳಗು ಹೇಗಿದೆ ಎಂದು ಯಾರಾದರೂ ಕೇಳಿದರೆ ವಾರಿಜಾ ಬೀದಿಯ ಉದಾಹರಣೆ ಕೊಡುತ್ತಿದ್ದಳು. ಕೊನೆಯೇ ಕಾಣದ ಒಂದು ಬೀದಿ, ಪ್ರತಿ ಬಾಗಿಲಿಗೂ ಒಂದು ಸಂಖ್ಯೆ. ಹೆಚ್ಚಿನ ಬಾಗಿಲುಗಳ ಹಿಂದೆ ಬರಿಯ ಉಗ್ರಾಣ. ಇಟ್ಟದ್ದು ಇಟ್ಟಲ್ಲೇ ಇರುತ್ತದೆ. ಅದು ಯಂತ್ರದ ಸ್ವಂತ ಮೆಮೊರಿ. ಆದರೆ ಕೆಲವು ಬಾಗಿಲುಗಳನ್ನು ತೆರೆದರೆ ಉಗ್ರಾಣ ಕಾಣುವುದಿಲ್ಲ, ನೇರ ಇನ್ನೊಂದು ಸಾಧನದ ಒಡಲೇ ಕಾಣುತ್ತದೆ. ಅಲ್ಲಿ ಓದಿದರೆ ಆ ಕ್ಷಣ ಕಡಲಲ್ಲಿ ಏನಾಗುತ್ತಿದೆಯೋ ಅದು ಸಿಗುತ್ತದೆ. ಅಲ್ಲಿ ಬರೆದದ್ದು ಎಲ್ಲೋ ದೂರದಲ್ಲಿ ದೀಪವಾಗಿ ಉರಿಯುತ್ತದೆ, ಸದ್ದಾಗಿ ಮೊಳಗುತ್ತದೆ. ಯಾರಿಗೆ ಯಾವ ಬಾಗಿಲು ಕಾಣಬೇಕು, ಯಾರಿಗೆ ಗೋಡೆ ಮಾತ್ರ ಕಾಣಬೇಕು ಎಂದು ನಿರ್ಧರಿಸುವುದು ಯಂತ್ರದ ಆಳದಲ್ಲಿ ಕುಳಿತ ಕರ್ನೆಲ್ ಎಂಬ ತಂತ್ರಾಂಶ. ಆ ಕರ್ನೆಲ್‌ನಲ್ಲಿ ಒಂದೊಂದು ಸಾಧನಕ್ಕೂ ಸರಿಯಾದ ಬಾಗಿಲು ಹೊಂದಿಸುವುದು, ಅವರ ಮಾತಿನಲ್ಲಿ ಮ್ಯಾಪ್ ಮಾಡುವುದು, ವಾರಿಜಾಳ ಉದ್ಯೋಗ.

ಗಂಡನ ಕಿವಿಗೆ ಬಾಗಿಲು ಹೊಂದಿಸಿದವಳೂ ಅವಳೇ.

ಒಂದು ಭಾನುವಾರ ಮಧ್ಯಾಹ್ನ ಅವನು ಜಗಲಿಯ ಬೆತ್ತದ ಕುರ್ಚಿಯಲ್ಲಿ ಕಣ್ಣುಮುಚ್ಚಿ ಒರಗಿದ್ದ. ತುಟಿ ಮೆಲ್ಲಗೆ ಅಲುಗುತ್ತಿತ್ತು. ವಾರಿಜಾ ಸದ್ದಾಗದಂತೆ ಹತ್ತಿರ ಬಂದಳು. ಅವನು ಗುನುಗುತ್ತಿದ್ದ! ಯಾವುದೋ ರಾಗವೆನ್ನುವಂತೆಯೂ ಇರಲಿಲ್ಲ. ತೊಟ್ಟಿಲು ತೂಗುವಾಗ ಬಾಯಿಗೆ ತಾನಾಗಿ ಬರುತ್ತದಲ್ಲ, ಅಂಥದ್ದು. ಅವಳ ನೆರಳು ಮುಖದ ಮೇಲೆ ಬಿದ್ದೊಡನೆ ಗುನುಗು ನಿಂತಿತು.

"ನಿಲ್ಲಿಸಬೇಡಿ" ಎಂದಳು.

ಅವನು ನಾಚಿದವನಂತೆ ಅತ್ತಿತ್ತ ನೋಡಿದ. ಆಮೇಲೆ, ತೀರಾ ಅಪರೂಪಕ್ಕೆ, ಬಾಯಿ ಬಿಟ್ಟ. "ಸಮುದ್ರ ಕೇಳ್ತದೆ, ವಾರಿಜಾ."

"ಹೌದಲ್ಲ, ಗೇಟಿನಾಚೆಯೇ ಉಂಟಲ್ಲ."

"ಇದಲ್ಲ." ಅವನು ತೆರೆಗಳತ್ತ ಕೈ ತೋರಿಸಿ ತಲೆಯಾಡಿಸಿದ. "ಒಳಗಿನದ್ದು."

ಅವಳು ಕಾದಳು. ಅವನು ಮುಂದೆ ಹೇಳಲಿಲ್ಲ; ಹೇಳಲು ಬಾರದೆಯೋ, ಹೇಳಿದರೆ ಕರಗಿಹೋದೀತೆಂಬ ಭಯದಿಂದಲೋ, ಕಣ್ಣುಮುಚ್ಚಿಕೊಂಡ. ಹೊಸ ಕಿವಿ ಬಂದವರಿಗೆ ಏನೇನೋ ಕೇಳುವುದುಂಟು, ನರಕ್ಕೆ ಅಭ್ಯಾಸವಾಗುವ ತನಕ ಹಾಗೆಯೇ, ಎಂದು ಡಾಕ್ಟರರು ಹೇಳಿದ್ದರು. ವಾರಿಜಾ ಅದನ್ನೇ ನಂಬಿಕೊಂಡು ಒಳಗೆ ಹೋದಳು.

ಅವನಿಗೆ ಕೇಳುತ್ತಿದ್ದದ್ದು ಅವಳು ಊಹಿಸಿದಂಥ ಗುಂಯ್‌ಗುಟ್ಟುವ ಭ್ರಮೆಯಾಗಿರಲಿಲ್ಲ. ಒಗ್ಗರಣೆಗೆ ಸಾಸಿವೆ ಸಿಡಿಯುವಂತೆ ದಿನವಿಡೀ ಸಿಡಿಯುವ ಸಿಗಡಿಗಳು. ಸಂಜೆಯಾಗುತ್ತಿದ್ದಂತೆ ಒಂದು ಕಡೆಯಿಂದ ಶುರುವಾಗಿ ಇನ್ನೊಂದು ಕಡೆಗೆ ಹಬ್ಬುವ, ಮರದ ಬಾಗಿಲುಗಳು ತೆರೆದುಕೊಂಡಂಥ ಮೀನುಗಳ ಗೊರಗೊರ. ಮರಳು ಉರುಳುವ ಸದ್ದು. ಆಮೇಲೆ ಎಲ್ಲಿಂದಲೋ ಮೇಲೇರಿ ಬಾಗಿ ಇಳಿಯುವ ಸಿಳ್ಳೆಗಳು, ಒಂದು ಕೇಳಿದರೆ ಇನ್ನೊಂದು ಉತ್ತರಿಸುವಂತೆ. ಮನೆಯ ಸದ್ದುಗಳ ಹಿಂದೆ, ತೆಳುವಾದ ಪರದೆಯಾಚೆ, ಅದೆಲ್ಲವೂ ಇತ್ತು. ಊಟ ಮಾಡುತ್ತಿದ್ದರೂ ಇತ್ತು, ಪೇಪರ್ ಓದುತ್ತಿದ್ದರೂ ಇತ್ತು. ಅವನು ಮನೆಯಲ್ಲಿ ನಡೆದಾಡುತ್ತಲೇ ನೀರಿನ ತಳದಲ್ಲಿ ನಡೆಯುತ್ತಿದ್ದ.

ವಿಷಯ ಮನೆಗೆ ತಂದವನು ಪದ್ಮನಾಭ ಸಾಲಿಯಾನ್. ದಿವಾಕರ ಕೆಲಸ ಮಾಡುತ್ತಿದ್ದ ಬೋಟಿನ ತಂಡೇಲ, ಅಂದರೆ ಬೋಟು ನಡೆಸುವ ಯಜಮಾನ; ವಯಸ್ಸಿನಲ್ಲಿ ಕಿರಿಯ. ಯಾವತ್ತೂ ಗೇಟಿನಿಂದಲೇ ಕೂಗಿಕೊಂಡು ಬರುವವನು ಅಂದು ಮೆಟ್ಟಿಲ ಮೇಲೆ ಕುಸಿದಂತೆ ಕುಳಿತ.

"ಅತ್ತಿಗೆ, ನಿಮ್ಮ ಆ ತೇಲುಗಂಟೆ ಕೆಲಸ ಮಾಡ್ತಾ ಇಲ್ಲ."

ತೇಲುಗಂಟೆ ಗುಡ್ಡೆಯ ಕೇಂದ್ರದ್ದೇ ಇನ್ನೊಂದು ಉಪಕರಣ. ಬಲೆ ಬೀಸುವ ಜಾಗಗಳಲ್ಲಿ ಲಂಗರು ಹಾಕಿ ಬಿಟ್ಟಿರುತ್ತಾರೆ. ನೀರಿನೊಳಗೆ ಅದು ಡಾಲ್ಫಿನ್‌ಗಳಿಗೆ ಸಹಿಸಲಾಗದ ಚೂಪಾದ ಸದ್ದು ಮಾಡುತ್ತಲೇ ಇರುತ್ತದೆ. ಡಾಲ್ಫಿನ್‌ಗಳು ದೂರ ಸರಿದರೆ ಅವುಗಳ ಜೀವವೂ ಉಳಿಯುತ್ತದೆ, ಬಲೆಯೂ ಉಳಿಯುತ್ತದೆ. ಗಂಟೆಗೆ ಸದ್ದು ಮಾಡುವ ಬಾಯಿಯೂ ಇತ್ತು, ಹತ್ತಿರ ಏನು ಬಂದಿದೆ ಎಂದು ಕೇಳಿಸಿಕೊಳ್ಳುವ ಕಿವಿಯೂ ಇತ್ತು.

"ಕಲ್ಲುದ್ವೀಪದ ಹತ್ರ ಇರುವ ಗಂಟೆ" ಎಂದ ಪದ್ಮನಾಭ. "ಅದರ ಸುತ್ತ ಜಾತ್ರೆ ಸೇರಿದ ಹಾಗೆ ಬರ್ತಾವೆ. ಓಡಿಸ್ಬೇಕಾದದ್ದು ಕರೀತಾ ಉಂಟು. ನಿನ್ನೆ ನಾವು ಬೂತಾಯಿ ಮೀನಿಗೆ ಬಲೆ ಬಿಟ್ಟದ್ದು. ಎಳೀವಾಗ ಭಾರ. ನೋಡಿದ್ರೆ ಮರಿ ಅತ್ತಿಗೆ, ಡಾಲ್ಫಿನ್ ಮರಿ. ಬಲೆ ಕೊಯ್ದು ಬಿಡಿಸಿದ್ದೇವೆ, ಆದ್ರೆ ಎಂತ ಪ್ರಯೋಜನ? ಉಸಿರು ಹೋಗಿತ್ತು. ತಾಯಿ ಬೋಟಿನ ಸುತ್ತ ಸುತ್ತಿತು ನೋಡಿ, ಸುತ್ತಿತು ಸುತ್ತಿತು... ಹುಡುಗರು ಊಟ ಮಾಡ್ಲಿಲ್ಲ."

ಜಗಲಿಯ ಕುರ್ಚಿಯಲ್ಲಿದ್ದ ದಿವಾಕರ ಎದ್ದು ನಿಂತಿದ್ದ. "ನಿನ್ನೆ ಮಧ್ಯಾಹ್ನವಾ?" ಎಂದು ಕೇಳಿದ.

ಪದ್ಮನಾಭನಿಗೆ ಆಶ್ಚರ್ಯವಾಯಿತು, ಎಷ್ಟೋ ಕಾಲದ ಮೇಲೆ ಅವನ ದನಿ ಕೇಳಿದ್ದ. "ಹೌದು ದಿವಾಕರಣ್ಣ. ಊಟದ ಹೊತ್ತು."

ದಿವಾಕರ ಒಳಗೆ ಹೋಗಿ ಬಾಗಿಲು ಎಳೆದುಕೊಂಡ.

ತೇಲುಗಂಟೆಗಳನ್ನು ನೋಡಿಕೊಳ್ಳುತ್ತಿದ್ದವರು ಕಡಲ ಜೀವಿಗಳ ಸದ್ದನ್ನೇ ಜೀವಮಾನವಿಡೀ ಅಭ್ಯಾಸ ಮಾಡಿದ ಪ್ರೆಸಿಲ್ಲಾ ಡಿಮೆಲ್ಲೋ. ವಾರಿಜಾ ವಿಷಯ ಹೇಳಿದಾಗ ಅವರು ಪರದೆಯನ್ನು ತಿರುಗಿಸಿ ತೋರಿಸಿದರು. "ನೋಡು ಮಾರಾಯ್ತಿ. ಕಲ್ಲುದ್ವೀಪದ ಗಂಟೆ ಬಾರಿಸ್ತಾ ಉಂಟು. ಹಸಿರು. ಮಳೆಗಾಲ ಮುಗಿದಾಗಿನಿಂದ ಒಂದು ದಿನವೂ ಕೆಂಪಾಗ್ಲಿಲ್ಲ."

"ಒಂದು ದಿನವೂ?"

"ಒಂದು ದಿನವೂ ಇಲ್ಲ."

ಅದೇ ವಾರಿಜಾಳಿಗೆ ಸರಿಕಾಣಲಿಲ್ಲ. ಕಡಲಲ್ಲಿ ತೇಲುವ ಯಾವ ಯಂತ್ರವೂ ಇಷ್ಟು ಒಳ್ಳೆಯ ನಡತೆ ತೋರಿಸುವುದಿಲ್ಲ. "ಪರದೆ ಬೇಡ ಮೇಡಂ. ಹೋಗಿ ನಾವೇ ಕೇಳುವ" ಎಂದಳು.

ಮರುದಿನ ಬೆಳಿಗ್ಗೆ ಪದ್ಮನಾಭ ತನ್ನ ಚಿಕ್ಕ ದೋಣಿಯಲ್ಲಿ ಇಬ್ಬರನ್ನೂ ಕರೆದೊಯ್ದ. ಕಡಲು ಎಣ್ಣೆ ಹಚ್ಚಿದಂತೆ ನುಣುಪಾಗಿತ್ತು; ಆಕಾಶ ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಯಿತೆಂದು ಹೇಳಲಾಗದ ಬಿಳುಪು. ಕಲ್ಲುದ್ವೀಪದ ಕರಿಬಂಡೆಗಳು ಆ ಬಿಳುಪಿನಲ್ಲಿ ತೇಲುವಂತಿದ್ದವು. ಗಂಟೆಯ ಹತ್ತಿರ ಬರುತ್ತಿದ್ದಂತೆ ಪದ್ಮನಾಭ ಇಂಜಿನ್ ನಿಲ್ಲಿಸಿ ಬೆರಳು ತೋರಿಸಿದ. ಅಲ್ಲಲ್ಲಿ ಬೂದುಬಣ್ಣದ ಬೆನ್ನುಗಳು ಏಳುತ್ತಿದ್ದವು, ಉಸ್ಸೆಂದು ಉಸಿರು ಬಿಟ್ಟು ಮುಳುಗುತ್ತಿದ್ದವು. ಆಟವಿರಲಿಲ್ಲ, ಬೇಟೆಯಿರಲಿಲ್ಲ. ಹರಿಕಥೆಗೆ ಬಂದು ಕುಳಿತ ಜನರ ಹಾಗೆ ಗಂಟೆಯ ಸುತ್ತ ಸುಮ್ಮನೆ ನೆರೆದಿದ್ದವು.

ಪ್ರೆಸಿಲ್ಲಾ ನೀರಿಗೆ ಮೈಕು ಇಳಿಸಿ ಹೆಡ್‌ಫೋನ್ ಕಿವಿಗಿಟ್ಟರು. ಅವರ ಹುಬ್ಬು ಗಂಟಾಯಿತು. ಆಮೇಲೆ ಬಾಯಿ ತೆರೆಯಿತು.

"ಕುಕ್ಕರ್" ಎಂದರು.

"ಎಂತ ಮೇಡಂ?"

"ಕುಕ್ಕರ್ ಮಾರಾಯ್ತಿ! ಸಮುದ್ರದೊಳಗೆ ಕುಕ್ಕರ್ ವಿಸಿಲ್ ಹಾಕ್ತಾ ಉಂಟು. ಕಾಗೆ ಕೂಗ್ತದೆ. ಒಬ್ಬ ಗಂಡಸು ಮಾತಾಡ್ತಿದ್ದಾರೆ. ನೀನೇ ಕೇಳು."

ವಾರಿಜಾ ಹೆಡ್‌ಫೋನ್ ಹಾಕಿಕೊಂಡಳು. ಮೊದಲು ನೀರು, ಕಿವಿ ತುಂಬ ನೀರು. ಅದರೊಳಗಿಂದ ನಿಧಾನವಾಗಿ ಒಂದು ದನಿ ಮೇಲೆ ಬಂತು. ದುಂಡಗಿನ, ಬೆಚ್ಚಗಿನ, ಅವಸರವಿಲ್ಲದ ದನಿ.

"...ಕುಕ್ಕರ್ ಇಳಿಸ್ಬೇಕು, ಇಲ್ಲದಿದ್ರೆ ಅನ್ನ ಮುದ್ದೆ ಆಗ್ತದೆ. ಇವತ್ತು ಅವಳು ಬೇಗ ಹೋದ್ಳು. ಪತ್ರೊಡೆ ಮಾಡಿಟ್ಟು ಹೋಗಿದ್ದಾಳೆ, ನನಗೆ ಇಷ್ಟ ಅಂತ. ಖಾರ ಸ್ವಲ್ಪ ಹೆಚ್ಚಾಗಿದೆ, ಹೇಳ್ಲಿಕ್ಕಿಲ್ಲ. ಮೊನ್ನೆಯದ್ದು ನನಗೆ ಗೊತ್ತಾಗ್ಲಿಲ್ಲ. ನೀವು ಅಷ್ಟು ಕೂಗುವಾಗ ನಾನು ಹಾಡು ಅಂತ ಅಂದ್ಕೊಂಡೆ. ಅಳು ಅಂತ ಗೊತ್ತಾಗ್ಲಿಲ್ಲ..."

ಸಿಳ್ಳೆಯೊಂದು ಎದ್ದು ಬಾಗಿ ಇಳಿಯಿತು. ದನಿ ಅದಕ್ಕೆ ಹೂಂಗುಟ್ಟಿತು.

ಎಷ್ಟೋ ವರ್ಷಗಳಲ್ಲಿ ತನ್ನೊಡನೆ ಆಡದಿದ್ದಷ್ಟು ಮಾತುಗಳನ್ನು ವಾರಿಜಾ ಆ ಸ್ವಲ್ಪ ಹೊತ್ತಿನಲ್ಲಿ ಕೇಳಿದಳು. ಹಿತ್ತಲಿನ ನುಗ್ಗೆಮರ ಹೂಬಿಟ್ಟದ್ದು, ಪಕ್ಕದ ಮನೆಯವರ ಹೊಸ ಸ್ಕೂಟರಿನ ಇಂಜಿನ್ ಸರಿಯಿಲ್ಲದ್ದು, ವಾರಿಜಾ ಮಲಗುವಾಗ ಕನ್ನಡಕ ತೆಗೆಯಲು ಮರೆಯುವುದು, ತಾನು ತೆಗೆದಿಡುವುದು. ಮದುವೆಯಾದ ಹೊಸತರಲ್ಲಿ ಮೆಟ್ಟಿಲ ಮೇಲೆ ಕುಳಿತು ಹೇಳುತ್ತಿದ್ದಂಥದೇ ಕಥೆಗಳು. ಅವಳಿಗೆ ಕಡಲ ಮೇಲೆ ಹೊಟ್ಟೆಕಿಚ್ಚಾಯಿತು. ನಗುವೂ ಬಂತು. ಕಣ್ಣು ಯಾವಾಗ ತುಂಬಿತೋ ತಿಳಿಯಲಿಲ್ಲ.

"ಯಾರ ದನಿ ಅಂತ ಗೊತ್ತಾಯ್ತಾ?" ಎಂದು ಪ್ರೆಸಿಲ್ಲಾ ಕೇಳಿದರು.

"ನಮ್ಮ ಮನೆಯವರದ್ದು."

ಪ್ರೆಸಿಲ್ಲಾ ದೋಣಿಯ ಆಚೆ ಬದಿಗೆ ತಿರುಗಿ ಕುಳಿತರು.

ಮಧ್ಯಾಹ್ನ ಗುಡ್ಡೆಯ ಮೇಲೆ ವಾರಿಜಾ ಕರ್ನೆಲ್‌ನ ಸಾಲುಗಳನ್ನು ಒಂದೊಂದಾಗಿ ಓದುತ್ತ ಹೋದಳು. ಕಾರಣ ಬಚ್ಚಿಟ್ಟುಕೊಂಡಿರಲಿಲ್ಲ, ಎಲ್ಲರ ಕಣ್ಣೆದುರೇ ಇತ್ತು. ಕರ್ನೆಲ್ ಬಾಗಿಲುಗಳನ್ನು ಬಿಡಿಬಿಡಿಯಾಗಿ ಕೊಡಲಾರದು. ಒಂದಿಷ್ಟು ಬಾಗಿಲುಗಳನ್ನು ಸೇರಿಸಿದ ಕಟ್ಟಿಗೆ ಪುಟ ಎಂದು ಹೆಸರು. ಕೊಟ್ಟರೆ ಇಡೀ ಪುಟವನ್ನೇ ಕೊಡಬೇಕು, ಕಡಿಮೆಯೆಂದರೂ ಒಂದು. ಯಂತ್ರದ ಕಿವಿಗೆ ಬೇಕಾದದ್ದು ಅರ್ಧ ಪುಟ. ಉಳಿದವರ ಪುಟಗಳಲ್ಲಿ ಮಿಕ್ಕರ್ಧ ಖಾಲಿ. ದಿವಾಕರನ ಕಿವಿ ಮಾತ್ರ ಕಿವಿಗಳ ಸಾಲಿನ ಅಂಚಿನಲ್ಲಿತ್ತು. ಅದೇ ಪುಟದ ಇನ್ನರ್ಧದಲ್ಲಿ ಕಲ್ಲುದ್ವೀಪದ ಗಂಟೆ ಶುರುವಾಗುತ್ತಿತ್ತು. ಒಂದೇ ಗೋಡೆಯ ಎರಡು ಮಗ್ಗುಲಿನ ಮನೆಗಳ ಹಾಗೆ, ಆದರೆ ಗೋಡೆಯೇ ಇಲ್ಲ. ಮಳೆಗಾಲದ ಕೊನೆಯಲ್ಲಿ ಕಿವಿಗಳಿಗೆ ಹೊಸ ತಂತ್ರಾಂಶ ಹಾಕಿದ್ದರು. ಅದು ಜಾಗ ಇದೆಯೆಂದು ಪುಟದ ತುಂಬ ಕೈಚಾಚಿತ್ತು. ಚೂಪು ಸದ್ದಿನ ಬದಲು ದಿವಾಕರನ ಮನೆಯ ಸದ್ದು ಗಂಟೆಯ ಬಾಯಿಗೆ ಹೋಗಿ ಬಿದ್ದಿತು. ಗಂಟೆಯ ಕಿವಿಗೆ ಬಿದ್ದದ್ದು ದಿವಾಕರನ ಕಿವಿಗೆ ಬಂತು.

"ಹಾಗಾದ್ರೆ ನನ್ನ ಪರದೆ ಯಾಕೆ ಹಸಿರು?" ಎಂದರು ಪ್ರೆಸಿಲ್ಲಾ.

"ನಿಮ್ಮ ಪರದೆ ಗಂಟೆಯನ್ನು ನೋಡ್ತಾ ಇರ್ಲಿಲ್ಲ ಮೇಡಂ. ಪದೇ ಪದೇ ಕೇಳುವ ವಿಷಯದ ಒಂದು ಪ್ರತಿ ಹತ್ತಿರ ಇಟ್ಟುಕೊಳ್ಳೋದು ಯಂತ್ರದ ಅಭ್ಯಾಸ, ಕ್ಯಾಶ್ ಅಂತ. ಉಗ್ರಾಣಕ್ಕೆ ಅದು ಸರಿ. ಸಾಧನಕ್ಕೆ ಹಾಗೆ ಮಾಡಬಾರದು, ಪ್ರತಿ ಸಲವೂ ಬಾಗಿಲು ತೆಗೆದೇ ನೋಡ್ಬೇಕು. ನಿಮ್ಮ ಬಾಗಿಲಿಗೆ ಆ ಗುರುತು ಹಾಕದೆ ಬಿಟ್ಟಿದ್ದಾರೆ. ಒಲೆಯ ಮೇಲೆ ಹಾಲು ಉಕ್ಕಿತಾ ಅಂತ ನಿನ್ನೆಯ ಫೋಟೋ ನೋಡಿದ ಹಾಗೆ ಆಯ್ತು."

ಸರಿಪಡಿಸುವುದು ಕಷ್ಟದ ಕೆಲಸವಾಗಿರಲಿಲ್ಲ. ಗಂಟೆಯನ್ನು ಬೇರೆ ಪುಟಕ್ಕೆ ಸಾಗಿಸಬೇಕು, ಅಷ್ಟೆ. ವಾರಿಜಾ ಸಾಲುಗಳನ್ನು ಬರೆದೂ ಇಟ್ಟಳು. ಹಾಕುವುದಕ್ಕೆ ಮಾತ್ರ ಕೈ ಬರಲಿಲ್ಲ. "ನಾಳೆಯ ವರೆಗೆ ಸಮಯ ಕೊಡಿ ಮೇಡಂ" ಎಂದಳು. ಪ್ರೆಸಿಲ್ಲಾ ಪದ್ಮನಾಭನಿಗೆ ಫೋನು ಮಾಡಿ, ಅಲ್ಲಿಯ ತನಕ ಕಲ್ಲುದ್ವೀಪದ ಕಡೆ ಯಾರೂ ಬಲೆ ಬಿಡದಂತೆ ಬಂದರಿನಲ್ಲಿ ಹೇಳಿಸಿದರು.

ಮನೆಗೆ ಬಂದಾಗ ದಿವಾಕರ ಕಾಯುತ್ತಿದ್ದವನಂತೆ ಗೇಟಿನಲ್ಲೇ ನಿಂತಿದ್ದ. ಒಳಗೆ ಹೋಗಿ ಕುಳಿತ ಮೇಲೆ ಅವಳು ಎಲ್ಲವನ್ನೂ ಹೇಳಿದಳು, ಪುಟದ ಕಥೆ, ಗಂಟೆಯ ಕಥೆ. ಅವನು ಕೇಳಿಸಿಕೊಂಡ.

"ನಾನು ಕರೆದದ್ದಾ ಅವುಗಳನ್ನು?" ಎಂದ ಕೊನೆಗೆ.

"ನೀವು ಬೇಕು ಅಂತ ಮಾಡಿದ್ದಲ್ಲ."

"ಆ ಮರಿ ನನ್ನ ಹತ್ರ ಬಂದದ್ದು."

ಕೇಳಬಾರದೆಂದುಕೊಂಡಿದ್ದದ್ದನ್ನೇ ವಾರಿಜಾ ಕೇಳಿಬಿಟ್ಟಳು. "ಅಷ್ಟೆಲ್ಲ ಮಾತು ಇತ್ತಲ್ಲ ನಿಮ್ಮ ಹತ್ರ. ಕಡಲಿಗೆ ಹೇಳಿದ್ದನ್ನು ನನಗೆ ಯಾಕೆ ಹೇಳ್ಲಿಲ್ಲ?"

ದಿವಾಕರ ಕೈಯೆತ್ತಿದ, ಸನ್ನೆ ಮಾಡಲು. ಮಾಡದೆ ಇಳಿಸಿದ.

"ಈ ಕಿವಿಯಲ್ಲಿ ನಿನ್ನ ದನಿ ಚಂದ ಕೇಳ್ತದೆ" ಎಂದ. "ಎಲ್ಲರದ್ದೂ ಚಂದವೇ. ನನ್ನದು ಮಾತ್ರ ತಗಡಿನ ಡಬ್ಬಿಯೊಳಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಬಾಯಿ ತೆರೆದ್ರೆ ಬೇರೆ ಯಾರೋ ಮಾತಾಡಿದ ಹಾಗೆ ಆಗ್ತದೆ, ವಾರಿಜಾ. ಹೆದರಿಕೆ ಆಗ್ತದೆ. ಒಂದು ದಿನ ಸುಮ್ಮನೆ ಗುನುಗಿದೆ. ಅದು ಆ ನೀರಿನಲ್ಲಿ ಹೋಗಿ, ಸುತ್ತಿ, ತಿರುಗಿ ಬಂತು. ಬರುವಾಗ ದುಂಡಗಾಗಿತ್ತು. ನನ್ನದೇ ದನಿ, ಮೊದಲಿನದ್ದು. ಇಷ್ಟು ವರ್ಷ ಎಲ್ಲಿತ್ತೋ ಅಂತ ಅನ್ನಿಸ್ತು."

ಒಲೆಯ ಮೇಲೆ ಚಹಾದ ನೀರು ಬತ್ತುತ್ತಿತ್ತು. ಯಾರೂ ಏಳಲಿಲ್ಲ.

ವಾರಿಜಾಳ ತಲೆಯಲ್ಲಿ ಆಗಲೇ ದಾರಿಗಳು ಓಡತೊಡಗಿದ್ದವು. ಓದಲು ಮಾತ್ರ ಬರುವ, ಬರೆಯಲು ಬಾರದ ಬಾಗಿಲೊಂದನ್ನು ಅವನಿಗೆ ಕೊಡಬಹುದು. ಆದರೆ ಗಂಟೆ ತನ್ನ ಕೆಲಸ ಶುರುಮಾಡಿದರೆ ಪಕ್ಕದಲ್ಲೇ ಇರುವ ಗಂಟೆಯ ಕಿವಿಗೆ ಆ ಚೂಪು ಸದ್ದಲ್ಲದೆ ಬೇರೇನೂ ಬೀಳುವುದಿಲ್ಲ. ಅವನಿಗೆಂದೇ ಬೇರೊಂದು ಮೈಕು, ಬೇರೊಂದು ಬಾಯಿ ನೀರಿಗಿಳಿಸಿದರೆ ಡಾಲ್ಫಿನ್‌ಗಳು ಅಲ್ಲಿಗೆ ಬರುತ್ತವೆ. ಅಲ್ಲಿಗೂ ಬಲೆ ಬರುತ್ತದೆ. ಉಳಿದದ್ದು ಒಂದೇ. "ನೀರು ನಿಮ್ಮ ದನಿಯನ್ನು ಹೇಗೆ ಬದಲಾಯಿಸ್ತದೆ ಅಂತ ಲೆಕ್ಕ ಹಾಕಿ ಕಿವಿಯೊಳಗೇ ಹಾಕ್ಬಹುದು. ಹಾಗೇ ಕೇಳ್ತದೆ. ವ್ಯತ್ಯಾಸ ಗೊತ್ತಾಗ್ಲಿಕ್ಕಿಲ್ಲ."

ಅವನು ಯೋಚಿಸಿದ. "ಅದು ಸಮುದ್ರ ಆಗ್ತದಾ?"

ಸುಳ್ಳು ಹೇಳಬಹುದಿತ್ತು. "ಇಲ್ಲ" ಎಂದಳು. "ಸಮುದ್ರದ ಪ್ರತಿ."

"ಬೇಡ ಹಾಗಾದ್ರೆ." ಎದ್ದು ಒಲೆ ಆರಿಸಿ ಬಂದ. "ನಾಳೆ ನಾನೂ ಬರ್ತೇನೆ ಗುಡ್ಡೆಗೆ. ನಾನಿರುವಾಗಲೇ ಮುಚ್ಚು."

ಗುಡ್ಡೆಯ ಕೋಣೆಯ ಕಿಟಕಿಯಿಂದ ಕಡಲು ಪೂರ್ತಿ ಕಾಣುತ್ತಿತ್ತು. ಪ್ರೆಸಿಲ್ಲಾ ಕುರ್ಚಿ ಹಾಕಿಸಿ, ಚಹಾ ತರಿಸಿ, ಏನೋ ನೆಪ ಹೇಳಿ ಹೊರಗೆ ಹೋದರು. ವಾರಿಜಾ ಸಾಲುಗಳನ್ನು ಮತ್ತೊಮ್ಮೆ ಓದಿ, ಕೀಲಿಮಣೆಯ ಮೇಲೆ ಕೈಯಿಟ್ಟು, ಗಂಡನ ಮುಖ ನೋಡಿದಳು.

ಅವನು ಕಣ್ಣುಮುಚ್ಚಿದ್ದ. ಸಿಗಡಿಗಳು ಸಿಡಿಯುತ್ತಿದ್ದವೇನೋ. ಬೆಳಗಿನ ಬಿಸಿಲು ನೀರಿನೊಳಗೆ ಇಳಿಯುವುದಕ್ಕೂ ಒಂದು ಸದ್ದಿರಬಹುದು, ಅವನಿಗಷ್ಟೇ ಗೊತ್ತು. ತುಂಬ ಹೊತ್ತು ಹಾಗೇ ಇದ್ದು, ಮನೆಯ ಅಂಗಳದಲ್ಲಿ ಮಕ್ಕಳಿಗೆ ಬುದ್ಧಿ ಹೇಳುವ ಹಿರಿಯನಂತೆ, ಮೆಲ್ಲಗೆ ಹೇಳಿದ:

"ಇನ್ನು ಇಲ್ಲಿಗೆ ಬರ್ಬೇಡಿ. ಇಲ್ಲಿ ಬಲೆ ಉಂಟು. ನಾನು ಇರುವುದಿಲ್ಲ. ದೂರ ಹೋಗಿ."

ಉತ್ತರ ಬಂತೋ ಇಲ್ಲವೋ, ಅವನ ಮುಖ ಒಮ್ಮೆ ಅರಳಿ ಬಾಡಿತು. ಕಣ್ಣು ತೆರೆಯದೆಯೇ ಕೈಯಾಡಿಸಿ ಹೂಂ ಎಂದ.

ವಾರಿಜಾ ಒತ್ತಿದಳು.

ಏನೂ ಆದಂತೆ ಕಾಣಲಿಲ್ಲ. ಪರದೆಯಲ್ಲಿ ಎರಡು ಸಾಲು ಅಕ್ಷರ ಮೂಡಿದವು. ಕಿಟಕಿಯಾಚೆ ಕಡಲು ಮೊದಲಿನಂತೆಯೇ ಬಿದ್ದುಕೊಂಡಿತ್ತು. ದಿವಾಕರ ಮಾತ್ರ ಮೆಟ್ಟಿಲಿಳಿಯುವಾಗ ಇನ್ನೂ ಒಂದು ಇದೆಯೆಂದು ಕಾಲಿಟ್ಟು ನೆಲ ಸಿಕ್ಕವನಂತೆ ಒಮ್ಮೆ ಕುಲುಕಿ, ಕುರ್ಚಿಯ ಕೈ ಹಿಡಿದುಕೊಂಡ. "ಫ್ಯಾನಿನ ಸದ್ದು ಇಷ್ಟು ದೊಡ್ಡದಾ?" ಎಂದ.

ಎರಡು ದಿನ ಅವನು ಜಗಲಿಗೆ ಬರಲಿಲ್ಲ. ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ವಾರಿಜಾ ಒತ್ತಾಯಿಸಲಿಲ್ಲ. ಊಟ ಇಟ್ಟಳು, ತಟ್ಟೆ ಎತ್ತಿದಳು, ಕೆಲಸಕ್ಕೆ ಬರುವುದಿಲ್ಲವೆಂದು ಹೇಳಿ ಹೊಸ್ತಿಲ ಹತ್ತಿರ ಅಕ್ಕಿ ಆರಿಸುತ್ತ ಕುಳಿತಳು.

ಮೂರನೆಯ ಬೆಳಿಗ್ಗೆ ಪದ್ಮನಾಭ ಬಂದ. "ದಿವಾಕರಣ್ಣ, ಗಂಟೆ ಸರಿಯಾಯ್ತಾ ಅಂತ ನೋಡ್ಲಿಕ್ಕೆ ಹೋಗ್ತಾ ಇದ್ದೇನೆ. ನೀವೂ ಬನ್ನಿ. ಅವುಗಳ ಗುರುತು ನಿಮಗಿದ್ದಷ್ಟು ನನಗಿಲ್ಲ."

ದಿವಾಕರ ಹೆಂಡತಿಯ ಕಡೆ ನೋಡಿದ. ಅವಳು ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು.

ಕಲ್ಲುದ್ವೀಪದ ಹತ್ತಿರ ಇಂಜಿನ್ ನಿಲ್ಲಿಸಿ ಕಾದರು. ಗಂಟೆ ಏನೂ ಅರಿಯದ ಮಗುವಿನಂತೆ ತೇಲುತ್ತಿತ್ತು. ಬಿಸಿಲು ಏರಿತು. ಕೊನೆಗೆ ಪಶ್ಚಿಮದ ಕಡೆಯಿಂದ ಬೂದು ಬೆನ್ನುಗಳು ಸಾಲಾಗಿ ಬರುವುದು ಕಂಡಿತು. ಪರಿಚಿತ ಜಾಗಕ್ಕೆ ಬರುವವರಂತೆ ನೆಟ್ಟಗೆ ಬಂದವು. ಒಂದು ಹಂತದಲ್ಲಿ ಎಲ್ಲವೂ ಒಮ್ಮೆಲೇ ನಿಂತವು. ಮುಂದಿನದು ತಲೆಯೆತ್ತಿತು. ದಿವಾಕರ ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದ. ಆ ಡಾಲ್ಫಿನ್ ಒಂದು ಸುತ್ತು ಹಾಕಿತು, ಇನ್ನೊಂದು ಸುತ್ತು ಹಾಕಿತು, ಆಮೇಲೆ ಬೆನ್ನು ತಿರುಗಿಸಿತು. ಉಳಿದವೂ ಅದರ ಹಿಂದೆ ಹೊರಟವು. ಬೆನ್ನುಗಳು ಸಣ್ಣದಾಗುತ್ತ, ತೆರೆಯೋ ಬೆನ್ನೋ ಎಂದು ಗುರುತಿಸಲಾಗದಷ್ಟು ದೂರ ಹೋಗಿ, ಬಿಳುಪಿನಲ್ಲಿ ಕಳೆದುಹೋದವು.

"ಹೋದವು" ಎಂದ ಪದ್ಮನಾಭ, ನಿಟ್ಟುಸಿರು ಬಿಟ್ಟು.

"ಹೋಗ್ಲಿ" ಎಂದ ದಿವಾಕರ. "ಒಳ್ಳೆಯದಾಯ್ತು."

ಅಂದವನೇ ತನ್ನ ದನಿಗೆ ತಾನೇ ಮುಖ ಕಿವುಚಿದ. ವಾರಿಜಾ ಅವನ ಪಕ್ಕಕ್ಕೆ ಸರಿದು ಕುಳಿತಳು. ಅವನು ನೀರನ್ನೇ ನೋಡುತ್ತ, ಅವಳ ಕಡೆ ತಿರುಗದೆ ಕೇಳಿದ:

"ನಿನಗೆ ಹೇಗೆ ಕೇಳ್ತದೆ? ನನ್ನ ದನಿ."

"ಹೇಗೆ ಅಂದ್ರೆ?"

"ತಗಡಾ?"

ಅವಳಿಗೆ ಆಶ್ಚರ್ಯವಾಯಿತು, ಇಷ್ಟು ವರ್ಷ ಇದನ್ನು ಅವನು ಕೇಳಲೂ ಇಲ್ಲ, ಅವಳು ಹೇಳಲೂ ಇಲ್ಲ. "ನನಗೆ ಅದು ಯಾವತ್ತೂ ಬದಲಾಗಲೇ ಇಲ್ಲ" ಎಂದಳು. "ಮೊದಲು ಹೇಗಿತ್ತೋ ಹಾಗೇ ಉಂಟು."

ದಿವಾಕರ ಅವಳ ಮುಖವನ್ನು ಪರೀಕ್ಷಿಸುವವನಂತೆ ನೋಡಿದ. ಪದ್ಮನಾಭ ಇಂಜಿನ್ ಶುರುಮಾಡಿ ದೋಣಿಯನ್ನು ಬಂದರಿನ ಕಡೆ ತಿರುಗಿಸಿದ. ಸ್ವಲ್ಪ ದೂರ ಬಂದ ಮೇಲೆ ಹಿಂದಿನಿಂದ ಮಾತು ಕೇಳಿಸಿತು: "ಮೊನ್ನೆ ಪತ್ರೊಡೆಗೆ ಖಾರ ಹೆಚ್ಚಾಗಿತ್ತು." ಆಮೇಲೆ ನುಗ್ಗೆಮರದ ವಿಷಯ, ಪಕ್ಕದ ಮನೆಯ ಸ್ಕೂಟರಿನ ವಿಷಯ, ಆಮೇಲೆ ತಡವರಿಸುತ್ತ ಆ ಮರಿಯ ವಿಷಯ. ಇಂಜಿನ್ನಿನ ಗದ್ದಲದಲ್ಲಿ ಅರ್ಧ ಕೇಳುತ್ತಿರಲಿಲ್ಲ.

ಪದ್ಮನಾಭ ತಿರುಗಿ ನೋಡದೆ ವೇಗ ತಗ್ಗಿಸಿದ.